ಫುಟ್‌ಬಾಲ್‌ನಲ್ಲಿ ಮೈದಾನದ ಮಧ್ಯಭಾಗದಲ್ಲಿ ಆಡುವ ಮಿಡ್‌ಫೀಲ್ಡರ್ ಒಬ್ಬ ಹತ್ತು ವರ್ಷದಲ್ಲಿ ಏಳೆಂಟು ಕ್ಲಬ್ ಬದಲಿಸಿದರೆ, ಆಟ ಸಾಲದು ಅಂತಾನಾ?

ಖಂಡಿತ ಅಲ್ಲ. ಎಷ್ಟೋ ಸಲ ಒಪ್ಪಂದ ಒಂದೆರಡು ವರ್ಷದ್ದೇ ಇರುತ್ತದೆ. ಅಷ್ಟರಲ್ಲಿ ಕೋಚ್ ಬದಲಾಗುತ್ತಾರೆ, ಹೊಸಬರಿಗೆ ಬೇರೆ ತರದ ಆಟಗಾರ ಬೇಕಿರುತ್ತದೆ. ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ 1995ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ ಯುರೋಪಿಯನ್ ಒಕ್ಕೂಟದ ಆಟಗಾರರಿಗೆ, ಒಪ್ಪಂದ ಮುಗಿದರೆ ವರ್ಗಾವಣೆ ಹಣದ (ಹೊಸ ಕ್ಲಬ್ ಹಳೆಯ ಕ್ಲಬ್ಬಿಗೆ ಕೊಡುವ ಮೊತ್ತ) ತಂಟೆಯಿಲ್ಲದೆ ಒಕ್ಕೂಟದ ಬೇರೆ ಕ್ಲಬ್ ಸೇರುವುದು ಸುಲಭವಾಯಿತು. ಲೋನ್ ಮೇಲೆ, ಅಂದರೆ ತನ್ನ ಕ್ಲಬ್ಬಿನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ ಹೋಗಿ, ಆಡಿದ ಕ್ಲಬ್ಬುಗಳೂ ಪಟ್ಟಿಗೆ ಸೇರುತ್ತವೆ.

ನನಗಂತೂ ಇಂಥವರ ಮೇಲೆ ಗೌರವ ಜಾಸ್ತಿ. ಪ್ರತಿ ಸಲ ಹೊಸ ಊರು, ಹೊಸ ಭಾಷೆ, ತಂಡದಲ್ಲಿ ಮತ್ತೆ ಮೊದಲಿನಿಂದ ಜಾಗ ಗಳಿಸಬೇಕು.

ಮಂಗಳೂರಿನ ನೆಹರೂ ಮೈದಾನದಲ್ಲಿ ಒಂದು ಸಂಜೆ ಸುಮ್ನೆ ನಿಂತು ನೋಡಿ. ಒಳ್ಳೆಯ ಮಿಡ್‌ಫೀಲ್ಡರ್ ಚೆಂಡು ಕಾಲಿಗೆ ಬರುವ ಮೊದಲೇ ಎರಡೂ ಭುಜದ ಹಿಂದೆ ಕಣ್ಣು ಹಾಯಿಸಿರುತ್ತಾನೆ. ಪಕ್ಕದವನಿಗೆ ಪಾಸ್ ಕೊಟ್ಟು ತಕ್ಷಣ ಖಾಲಿ ಜಾಗಕ್ಕೆ ಓಡುತ್ತಾನೆ. ಗೋಲಿನ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ, ಅಲ್ವಾ?