ಕಾಓರ್ ಕೆಂಪು ವೈನ್: ಉಳಿದ ಎರಡು ಬಾಟಲಿಗಳನ್ನು ಏನು ಮಾಡುವುದು?

ಫ್ರಾನ್ಸಿನ ಟುಲೂಸ್‌ನಿಂದ ಕಾಓರ್ ಊರಿಗೆ ಹೋಗಿ ಅಲ್ಲಿನ 2019ರ ಕೆಂಪು ವೈನಿನ ಮೂರು ಬಾಟಲಿ ತಂದಿದ್ದೀರಿ. ಒಂದನ್ನು ಬಿರಿಯಾನಿಯ ಜೊತೆ ತೆರೆದಾಗ ಬಾಯೆಲ್ಲ ಒಗರಾಯಿತು. ಕೆಟ್ಟಿದೆಯೇ, ಉಳಿದವನ್ನು ಹತ್ತು ವರ್ಷ ಇಡಲೇ ಎಂದು ಕೇಳಿದ್ದೀರಿ. ಕೆಟ್ಟಂತೆ ಕಾಣುವುದಿಲ್ಲ. ಕೆಟ್ಟಿದ್ದರೆ ಒದ್ದೆ ರಟ್ಟಿನ ವಾಸನೆಯೋ ವಿನೆಗರ್‌ನ ಘಾಟೋ ಮೊದಲು ಮೂಗಿಗೆ ಬಡಿಯುತ್ತಿತ್ತು.

ಕಾಓರ್ ಎಂಬ ಹೆಸರು ಪಡೆಯಲು ಶೇಕಡಾ 70ರಷ್ಟಾದರೂ ಮಾಲ್ಬೆಕ್ ದ್ರಾಕ್ಷಿ ಬೇಕು. ಉಳಿದ ಭಾಗಕ್ಕೆ ಮೆರ್ಲೋ, ಟನ್ನಾ ಎಂಬ ದ್ರಾಕ್ಷಿಗಳನ್ನು ಸೇರಿಸಬಹುದು. ಟನ್ನಾ ಇದ್ದರೆ ಒಗರಿನ ಬಿಗಿ ಇನ್ನೂ ಹೆಚ್ಚು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಎಂಬ ಒಗರಿನ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಸಿ ಅಡಿಕೆ ಅಗಿದ ಹಾಗೆ ವಸಡು ಒಣಗುತ್ತದೆ. ಬಾಯಲ್ಲಿ ಮಾಂಸವೂ ಕೊಬ್ಬೂ ಇದ್ದರೆ ಆ ಬಿಗಿ ಸಡಿಲವಾಗುತ್ತದೆ. ಮೆಣಸಿನಕಾಯಿಯ ಖಾರವಾದರೋ ಒಗರನ್ನೂ ಮದ್ಯಸಾರದ ಉರಿಯನ್ನೂ ಏರಿಸುತ್ತದೆ. ಹಾಗಾಗಿ ಖಾರದ ಬಿರಿಯಾನಿಗೂ ಇದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ಅಲ್ಲಿಯವರು ಇದನ್ನು ಕುಡಿಯುವುದು ಬಾತುಕೋಳಿಯ ಜೊತೆ: ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೆಂದ ಕಾಲು, ಇಲ್ಲವೇ ಚರ್ಮದ ಕೊಬ್ಬು ಗರಿಯಾಗುವಂತೆ ಬಾಣಲೆಯಲ್ಲಿ ಸುಟ್ಟ ಎದೆಮಾಂಸ. ನಿಮ್ಮೂರಿನ ಕಸೂಲೆಯೂ ಚೆನ್ನಾಗಿ ಒಗ್ಗುತ್ತದೆ. ಬಿಳಿ ಬೀನ್ಸ್, ಸಾಸೇಜ್, ಬಾತು, ಎಲ್ಲವೂ ಜಿಡ್ಡಿನಲ್ಲೇ ಬೆಂದಿರುತ್ತವೆ. ಮನೆಯ ಅಡುಗೆಯೇ ಬೇಕೆಂದರೆ ಮೆಣಸಿನಕಾಯಿ ಕಡಿಮೆ ಮಾಡಿ, ಕಾಳುಮೆಣಸು ಹಾಕಿ ಒಣಗಿಸಿ ಹುರಿದ ಮಟನ್ ಮಾಡಿ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಹಳೆಯ ಕಾಂತಾಲ್ ಚೀಸ್. ಎಳ್ಳು, ಕಡಲೆಕಾಯಿ ಅರೆದು ಮಾಡುವ ಬದನೆಕಾಯಿ ಎಣ್ಣೆಗಾಯಿಯೂ ಆದೀತು, ಖಾರ ಹಿಡಿತದಲ್ಲಿದ್ದರೆ. ಮೀನು ಬೇಡ. ವಾಲ್ನಟ್ ಆ ಸೀಮೆಯದೇ ಆದರೂ ಅದರ ಸಿಪ್ಪೆಯೂ ಒಗರು, ನಾನಂತೂ ಇಡುವುದಿಲ್ಲ.

ಇನ್ನು ಇಡುವ ಮಾತು. ಲಾಟ್ ನದಿಯ ಪಕ್ಕದ ತಗ್ಗು ಜಮೀನಿನ ವೈನ್ ಸಾಮಾನ್ಯವಾಗಿ ಬೇಗ ಹದಕ್ಕೆ ಬರುತ್ತದೆ. ಮೇಲಿನ ಸುಣ್ಣಕಲ್ಲಿನ ಬಯಲಿನದು ಬಿಗಿ, ಬಾಳಿಕೆಯೂ ಹೆಚ್ಚು. ಓಕ್ ಮರದ ಪೀಪಾಯಿಯಲ್ಲಿ ಮಾಗಿದ್ದು ಹದಿನೈದು ವರ್ಷ ಇದ್ದರೂ ಅಚ್ಚರಿಯಿಲ್ಲ. ಎಳೆಯದರಲ್ಲಿ ಪ್ಲಮ್, ಕಪ್ಪು ಬೆರಿ, ನೇರಳೆ ಬಣ್ಣದ ವಯೊಲೆಟ್ ಹೂವಿನ ಪರಿಮಳ. ವಯಸ್ಸಾದಂತೆ ಒಣಹಣ್ಣು, ತೊಗಲು, ತಂಬಾಕು. ಆದರೆ ಹತ್ತು ವರ್ಷ ಇಡಲು 12–14 ಡಿಗ್ರಿಯ ಕತ್ತಲೆ ಜಾಗ ಬೇಕು. ಟುಲೂಸ್‌ನ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಅಡುಗೆಮನೆ ಕಪಾಟು ಅದಕ್ಕೆ ತಕ್ಕುದಲ್ಲ. ನೆಲಮಾಳಿಗೆ ಇಲ್ಲದಿದ್ದರೆ ಆಸೆ ಬಿಟ್ಟು ಒಂದನ್ನು ಈ ಚಳಿಗಾಲಕ್ಕೇ ತೆರೆಯಿರಿ. ಇನ್ನೊಂದರ ಹಣೆಬರಹ ಅದರ ರುಚಿ ನೋಡಿ ನಿರ್ಧರಿಸಬಹುದು.

ತೆರೆಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರಲಿ. ಅಗಲ ಬಾಯಿಯ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿ. ಕತ್ತಿನ ಹಿಂದೆ ಮೊಬೈಲ್ ದೀಪ ಹಿಡಿದರೆ ಗಸಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಎರಡು ಗಂಟೆ ಗಾಳಿಯಾಡಲಿ. 16–17 ಡಿಗ್ರಿಯಲ್ಲಿ ಬಡಿಸಿ. ಕೋಣೆ ಬೆಚ್ಚಗಿದ್ದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲೇ ಇಡಿ, ಮರುದಿನ ಇನ್ನೂ ಮೆತ್ತಗಾಗಿರಬಹುದು.

ಹಿಂಬದಿಯ ಲೇಬಲ್ಲಿನ ಚಿತ್ರ ಹಾಕಿ. ಟನ್ನಾ ಎಷ್ಟಿದೆ, ಓಕ್ ಕಂಡಿದೆಯೇ ಎಂಬುದು ಅಲ್ಲಿ ಬರೆದಿದ್ದರೆ ಇಡಬೇಕೋ ಬೇಡವೋ ಖಚಿತವಾಗಿ ಹೇಳುತ್ತೇನೆ.