ನಮ್ಮ ಕನ್ನಡ ಕಾಮಿಕ್ಕನ್ನು ಈ ಮೇ ಸೀಸನ್ನಿಗೆ ಕೊಡಗಿನ ಎಷ್ಟು ಅಂಗಡಿಗಳಿಗೆ ಹಾಕಬಹುದು? ಸಹಿ ಹಾಕುವ ಕಾರ್ಯಕ್ರಮ ಎಲ್ಲಿ ಇಟ್ಟುಕೊಂಡರೆ ಒಳ್ಳೆಯದು?

ಕಥೆ ನಿಮ್ಮದು, ಚಿತ್ರ ತಂಗಿಯದು, ಮೇ ಮೊದಲ ವಾರ ಪ್ರೆಸ್ಸಿನಿಂದ 1000 ಪ್ರತಿ ಬರುತ್ತವೆ, ಪ್ರವಾಸಿಗರು ತುಂಬಿರುವಾಗಲೇ ಸ್ಪೈಸಸ್ ಅಂಗಡಿಗಳಿಗೆಲ್ಲ ಹಂಚಿಬಿಡಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ನನಗೆ 2022 ಕಣ್ಣೆದುರು ಬಂತು. ಅದೇ ತಿಂಗಳು, ಅದೇ ಅಂಗಡಿಗಳು, ಅದೇ 1000.

ನಾನು ಸೋಮವಾರಪೇಟೆ ಕಡೆಯವನು. ಕುಶಾಲನಗರದ ಹತ್ತಿರ ಕಾಫಿ ಬೀಜ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ಚಿತ್ರ ಬಿಡಿಸಿದವಳು ನನ್ನ ಚಿಕ್ಕಪ್ಪನ ಮಗಳು, ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಹಲಸು ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಇಳಿಯುವ ಒಂಟಿ ಆನೆ, ತೋಟದ ಕೆಲಸಗಾರರ ಲೈನ್‌ಮನೆಯ ಒಬ್ಬಳು ಹುಡುಗಿ, ಇವರಿಬ್ಬರ ಕಥೆ. 32 ಪುಟ, ಪೂರ್ತಿ ಬಣ್ಣ, ಒಳ್ಳೆಯ ನುಣುಪಾದ ಆರ್ಟ್ ಪೇಪರ್. ಪ್ರತಿಗೆ 42 ರೂಪಾಯಿ ಬಿತ್ತು. ಬೆಲೆ 100 ಇಟ್ಟೆವು.

ಬೈಕಿನ ಹಿಂದೆ ಡಬ್ಬ ಕಟ್ಟಿಕೊಂಡು ನಾಲ್ಕು ಭಾನುವಾರ ಸುತ್ತಿದೆ. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ. ಒಟ್ಟು 23 ಅಂಗಡಿ. ಅದರಲ್ಲಿ ಪುಸ್ತಕದ ಅಂಗಡಿ ಅನ್ನಬಹುದಾದದ್ದು ನಾಲ್ಕು. ಉಳಿದವೆಲ್ಲ ಜೇನುತುಪ್ಪ, ಕಾಫಿಪುಡಿ, ಏಲಕ್ಕಿ, ಮನೆಯಲ್ಲೇ ಮಾಡಿದ ಚಾಕೊಲೇಟು ಮಾರುವ ಅಂಗಡಿಗಳು. ಯಾರೂ ಬೇಡ ಅನ್ನಲಿಲ್ಲ. "ನಮ್ಮೂರ ಹುಡುಗರು ಮಾಡಿದ್ದು, ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು ಕೊಡ್ತೀನಿ" ಅಂದರು. 100ರಲ್ಲಿ 40 ಅವರಿಗೆ, 60 ನಮಗೆ. 620 ಪ್ರತಿ ಇಟ್ಟು ಬಂದೆ. ಕೊನೆಯ ಭಾನುವಾರ ರಾತ್ರಿ ತಂಗಿಗೆ ಫೋನ್ ಮಾಡಿ "620 ಹೋಯ್ತು" ಅಂದೆ.

ನಾನು ಮಾಡಿದ ತಪ್ಪು ಈ ಒಂದು ಮಾತಿನಲ್ಲಿದೆ. ಹೋಗಿರಲಿಲ್ಲ. ಜಾಗ ಬದಲಾಯಿಸಿತ್ತು, ಅಷ್ಟೆ. ನಮ್ಮ ಮನೆಯ ಅಟ್ಟದಲ್ಲಿ ಇರಬೇಕಾದ ಪುಸ್ತಕ ಬೇರೆಯವರ ಅಂಗಡಿಯ ಕಪಾಟಿನಲ್ಲಿತ್ತು. ಒಂದು ರೂಪಾಯಿಯೂ ಕೈಗೆ ಬಂದಿರಲಿಲ್ಲ, ಅಂಗಡಿಯವರ ಒಂದು ರೂಪಾಯಿಯೂ ಅದರಲ್ಲಿ ಸಿಕ್ಕಿಕೊಂಡಿರಲಿಲ್ಲ. ಆದರೆ "ಹೋಯ್ತು" ಅಂದ ಮೇಲೆ ಮುಂದಿನದೆಲ್ಲ ಆ ಮಾತಿನ ಮೇಲೆ ನಿಂತಿತು. ಎರಡನೇ ಮುದ್ರಣಕ್ಕೆ ಅಂತ ಪ್ರೆಸ್ಸಿಗೆ 10,000 ರೂಪಾಯಿ ಮುಂಗಡ ಕೊಟ್ಟೆ. ಅವಳು ಒಂದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದುಕೊಡುವ ಕೆಲಸ ಒಪ್ಪಿಕೊಳ್ಳುವವಳಿದ್ದಳು. ಅದನ್ನು ಬಿಟ್ಟು ಎರಡನೇ ಕಾಮಿಕ್ಕಿನ ಪುಟಗಳಿಗೆ ಕುಳಿತಳು. ನಾಲ್ಕು ತಿಂಗಳು.

ಇನ್ನೊಂದು ಸಂಗತಿ ಇದೆ, ಅದನ್ನು ಹೇಳದೆ ಬಿಟ್ಟರೆ ನಿಮಗೆ ಪೂರ್ತಿ ಅರ್ಥವಾಗುವುದಿಲ್ಲ. ನನ್ನ ಕೆಲಸವೇ ಚೀಟಿ ಬರೆಯುವುದು. ತೋಟದಿಂದ ಒಂದು ಚೀಲ ಕಾಫಿ ಬಂದರೂ ತೂಕ ಎಷ್ಟು, ತೇವಾಂಶ ಎಷ್ಟು, ಯಾರದು, ಯಾವ ತಾರೀಕು, ಎಲ್ಲ ಬರೆದು ಎರಡೂ ಕಡೆ ಸಹಿ ಆಗದೆ ಗೋಡೌನಿನ ಒಳಗೆ ಹೋಗುವುದಿಲ್ಲ. ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ, ಪಕ್ಕದ ಚೀಲಕ್ಕೂ ಹರಡುತ್ತದೆ ಅಂತ ದಿನಾ ಬೆಳಗ್ಗೆ ನೋಡುವವನು ನಾನು. ಅಂಥವನು 620 ಪುಸ್ತಕವನ್ನು 23 ಕಡೆ ಒಂದೇ ಒಂದು ಚೀಟಿ ಇಲ್ಲದೆ ಇಟ್ಟು ಬಂದೆ. ನಮ್ಮವರು, ನಗುತ್ತಾ ಇಟ್ಟುಕೊಂಡಿದ್ದಾರೆ, ಅವರ ಹತ್ತಿರ ರಸೀದಿ ಕೇಳುವುದು ಹೇಗೆ ಅನ್ನುವ ದಾಕ್ಷಿಣ್ಯ. ನನ್ನ ಹತ್ತಿರ ಇದ್ದದ್ದು ಡೈರಿಯ ಒಂದು ಪುಟ. ಅದರಲ್ಲಿ ಅಂಗಡಿಯ ಹೆಸರು, ಎದುರಿಗೆ 25, 30, 40. ಯಾವಾಗ ಲೆಕ್ಕ ಮುಗಿಸುವುದು ಅಂತ ಬರೆದಿರಲಿಲ್ಲ. ಕೆಟ್ಟರೆ ಯಾರ ತಲೆಗೆ ಅಂತಲೂ ಬರೆದಿರಲಿಲ್ಲ.

ಜೂನ್ ಬಂತು. ನಿಮಗೆ ನಾನು ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ಪ್ರವಾಸಿಗರು ಕಮ್ಮಿಯಾದರು, ಎದುರಿಗಿದ್ದ ಸಾಮಾನೆಲ್ಲ ಹಿಂದಿನ ಕೋಣೆಗೆ ಹೋಯಿತು. ಜೇನು ಬಾಟಲಿಯಲ್ಲಿರುತ್ತದೆ, ಕಾಫಿಪುಡಿ ಪ್ಯಾಕೆಟ್ಟಿನಲ್ಲಿರುತ್ತದೆ. ಪುಸ್ತಕ ಗೋಡೆಗೆ ಒರಗಿಕೊಂಡು ಕೂತಿತ್ತು. ಜೋರು ಮಳೆಯ ಕಕ್ಕಡ ತಿಂಗಳು ಕಳೆದು, ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಮತ್ತೆ ಸುತ್ತಲು ಹೊರಟೆ. ಆರ್ಟ್ ಪೇಪರ್ ಒದ್ದೆಯಾಗಿ ಒಣಗಿದರೆ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಪಿನ್ನಿನ ಸುತ್ತ ತುಕ್ಕಿನ ಕಂದು ಕಲೆ. ಒಂದು ಅಂಗಡಿಯಲ್ಲಿ ಕಟ್ಟು ಬಿಚ್ಚಿದಾಗ ಆನೆಯ ಮೈಮೇಲೆಲ್ಲ ಬಿಳಿ ಬೂಷ್ಟು. ಎರಡು ಅಂಗಡಿ ಕೈ ಬದಲಾಗಿದ್ದವು. ಇನ್ನು ಕೆಲವರು "ಎಷ್ಟು ಇಟ್ಟಿದ್ರಿ?" ಅಂತ ನನ್ನನ್ನೇ ಕೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಚೀಟಿ ಕೊಡದವನು ನಾನು.

ಮಾರಾಟವಾದದ್ದು 71. ಚೆನ್ನಾಗಿ ವಾಪಸ್ ಬಂದದ್ದು 96. ಕೆಟ್ಟದ್ದು 341. ಉಳಿದ 112ಕ್ಕೆ ಲೆಕ್ಕವೇ ಸಿಗಲಿಲ್ಲ. ಕೆಟ್ಟದ್ದು, ಕಳೆದದ್ದು ಸೇರಿ 453 ಪ್ರತಿ, ಅಂದರೆ ಅಚ್ಚಿನ ಖರ್ಚಿನಲ್ಲೇ 19,026 ರೂಪಾಯಿ. ಮುಂಗಡವನ್ನು ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಹೊಂದಿಸಿಕೊಂಡೆ. ತಂಗಿಯ ನಾಲ್ಕು ತಿಂಗಳನ್ನು ಯಾವುದಕ್ಕೂ ಹೊಂದಿಸಲು ಆಗಲಿಲ್ಲ. ಬೂಷ್ಟು ಹಿಡಿದ ಒಂದು ಪ್ರತಿಯನ್ನು ತೋರಿಸಿದಾಗ ಅವಳು "ಅಣ್ಣಾ, ಬಣ್ಣ ಇನ್ನೂ ಚೆನ್ನಾಗೇ ಇದೆ" ಅಂದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಎಷ್ಟು ಅಂಗಡಿ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ ಅನ್ನುತ್ತೇನೆ. ಅಂಗಡಿಯಲ್ಲಿ ಕೂತು ಸಹಿ ಹಾಕುವ ಆಲೋಚನೆ ನಮಗೆಲ್ಲ ಬಂದದ್ದು ಅಮೆರಿಕದ ವಿಡಿಯೋ ನೋಡಿ. ಅಲ್ಲಿನ ವ್ಯವಸ್ಥೆಯೇ ಬೇರೆ. ಮೊದಲು ಅಲ್ಲೂ ಪತ್ರಿಕೆ ಮಾರುವ ಕಟ್ಟೆಗಳಿಗೆ ಕಾಮಿಕ್ಸ್ ಹೋಗುತ್ತಿತ್ತು, ಉಳಿದದ್ದನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳಬೇಕಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎನ್ನುವವರು ಬೇರೆ ದಾರಿ ಹಾಕಿದರು: ಕಾಮಿಕ್ಸ್ ಅಂಗಡಿಗಳಿಗೆ ಹೆಚ್ಚು ರಿಯಾಯಿತಿ, ಆದರೆ ವಾಪಸಾತಿ ಇಲ್ಲ. ಹಾಗಾಗಿ ಅಲ್ಲಿನ ಅಂಗಡಿಯವನು ತನ್ನ ಸ್ವಂತ ದುಡ್ಡಿನಿಂದ ಕೊಂಡಿರುತ್ತಾನೆ. ಮಾರಿಹೋಗದಿದ್ದರೆ ನಷ್ಟ ಅವನದು. ಅದಕ್ಕೇ ಅವನೇ ಬರೆದವರನ್ನು ಕರೆಸಿ, ಮೇಜು ಹಾಕಿ, ಜನರನ್ನು ಸೇರಿಸಿ ಸಹಿ ಹಾಕಿಸುತ್ತಾನೆ. ನಮ್ಮಲ್ಲಿ ಅಂಗಡಿಯವರ ದುಡ್ಡು ಅದರಲ್ಲಿ ಇಲ್ಲವಾದ್ದರಿಂದ ನೀವು ಬಂದರೂ ಒಂದೇ, ಬರದಿದ್ದರೂ ಒಂದೇ. ಮೇ ತಿಂಗಳಲ್ಲಿ ಮಡಿಕೇರಿಯ ಒಂದು ಅಂಗಡಿಯಲ್ಲಿ ನಾವು ಮೂರು ಗಂಟೆ ಕೂತೆವು. ಎರಡು ಪ್ರತಿ ಹೋಯಿತು. ಬಂದವರಲ್ಲಿ ಬಹಳ ಮಂದಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಬರುವವರಿಗೆ ಸೂರ್ಯ ಮುಳುಗುವುದನ್ನು ನೋಡಲು ಕತ್ತಲಾಗುವ ಮೊದಲು ರಾಜಾಸೀಟ್ ಸೇರಬೇಕಿತ್ತು.

ಕನ್ನಡ ಓದುವ ಮಕ್ಕಳು ಇರುವುದು ಬೇರೆ ಕಡೆ. ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ. ಸರ್ಕಾರಿ ಶಾಲೆಗಳಲ್ಲಿ. ಮಡಿಕೇರಿಯ ಶುಕ್ರವಾರದ ಸಂತೆ, ಗೋಣಿಕೊಪ್ಪದ ಭಾನುವಾರದ ಸಂತೆ. ಕಾಫಿ ಕುಯ್ಲಿನ ಕಾಲದಲ್ಲಿ ಬಟವಾಡೆ ಆದ ಮೇಲೆ ಬರುವ ಸಂತೆಗೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಬರುತ್ತಾರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲೇ ಮಾರಬೇಕು ಅಂತಿದ್ದರೆ ಕೊಡವ ಕುಟುಂಬಗಳ ಹಾಕಿ ಆಟದ ಹಬ್ಬ ಇದೆ. 1997ರಲ್ಲಿ ಕರಡ ಎಂಬ ಊರಿನಲ್ಲಿ ಶುರುವಾದದ್ದು, 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡ ಸೇರಿದ್ದವು. ಆ ವರ್ಷ ಅಲ್ಲಿ ಎರಡು ದಿನ ಮೇಜು ಹಾಕಿ 58 ಪ್ರತಿ ಮಾರಿದೆವು. 23 ಅಂಗಡಿಗಳು ನಾಲ್ಕು ತಿಂಗಳಲ್ಲಿ ಮಾರಿದ್ದು 71 ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಆದರೆ ಮಡಿಕೇರಿ ದಸರೆಯಲ್ಲಿ ದಶಮಂಟಪಗಳ ಮೆರವಣಿಗೆಯ ರಾತ್ರಿ ಪುಸ್ತಕ ತೆಗೆದುಕೊಂಡು ಹೋಗಬೇಡಿ. ಆ ಸದ್ದಿನಲ್ಲಿ, ಆ ನೂಕುನುಗ್ಗಲಿನಲ್ಲಿ ಯಾರೂ ಪುಟ ತಿರುಗಿಸುವುದಿಲ್ಲ.

ಸಹಿಯ ಬಗ್ಗೆ ಕೇಳಿದ್ದೀರಿ. ಕಥೆ ಬರೆಯುವವರು ನೀವು, ಹಾಗಾಗಿ ಇದನ್ನು ಮನಸ್ಸಿಟ್ಟು ಓದಿ. ಮಕ್ಕಳು ಬರುವುದು ಚಿತ್ರ ಬಿಡಿಸುವವರ ಹತ್ತಿರ. ನಿಮ್ಮ ತಂಗಿಯ ಮುಂದೆ ಸಾಲು ನಿಲ್ಲುತ್ತದೆ, ನೀವು ಪೆನ್ನು ಹಿಡಿದು ಪಕ್ಕದಲ್ಲಿ ಕೂತಿರುತ್ತೀರಿ. ನನಗೆ ಮೊದಮೊದಲು ಅದು ನೋವಾಗುತ್ತಿತ್ತು. ಆಮೇಲೆ ನಾವೊಂದು ಕ್ರಮ ಮಾಡಿಕೊಂಡೆವು. ಅವಳು ಒಳರಕ್ಷಾಪುಟದಲ್ಲಿ ಆನೆಯ ತಲೆ ಬಿಡಿಸಿ, ಬಾಯಿಯ ಪಕ್ಕ ಮಾತು ತುಂಬುವ ಖಾಲಿ ಬಲೂನು ಬರೆದು ಪುಸ್ತಕವನ್ನು ನನ್ನ ಕಡೆ ಸರಿಸುತ್ತಾಳೆ. ನಾನು ಮಗುವನ್ನು ಕೇಳುತ್ತೇನೆ: ಆನೆ ಈಗ ಏನು ಹೇಳುತ್ತಿದೆ? ಮಗು ಹೇಳಿದ್ದನ್ನು, ಹೇಳಿದ ಹಾಗೇ ಬಲೂನಿನೊಳಗೆ ಬರೆಯುತ್ತೇನೆ. ಕೊಡವ ತಕ್ಕಿನಲ್ಲಿ ಹೇಳಿದರೆ ಹಾಗೇ, ಅರೆಭಾಷೆಯಲ್ಲಿ ಹೇಳಿದರೆ ಹಾಗೇ, ಅಕ್ಷರ ಕನ್ನಡದ್ದು. ಕೆಳಗೆ ಮೂವರ ಸಹಿ, ಮಗುವಿನದೂ ಸೇರಿ. ಒಂದು ಪ್ರತಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ಶನಿವಾರಸಂತೆ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಹುಡುಗ ತುಂಬಾ ಹೊತ್ತು ಯೋಚಿಸಿ "ಈ ಹಲಸಿನಮರ ನಮ್ಮಜ್ಜಿ ನೆಟ್ಟದ್ದು ಅಂತ ಹೇಳ್ತಾ ಉಂಟು" ಅಂದ. ಆನೆಯ ಅಜ್ಜಿಯಾ, ನಿನ್ನ ಅಜ್ಜಿಯಾ ಅಂತ ಕೇಳಿದೆ. ಆನೆಯದ್ದು ಅಂದ. ನಮ್ಮ ಎರಡನೇ ಕಾಮಿಕ್ಕಿನ ಕಥೆ ಹುಟ್ಟಿದ್ದು ಆ ಮಾತಿನಿಂದ. ಅದಕ್ಕೂ ಮುಂಚೆ ಬರೆದಿದ್ದ ಕಥೆಯನ್ನು ಬದಿಗಿಟ್ಟೆ.

ಸಹಿ ಹಾಕುವ ಆ ಪುಟಕ್ಕೆ ನುಣುಪು ಕಾಗದ ಹಾಕಿಸಬೇಡಿ, ಹೊಳಪಿಲ್ಲದ ಮ್ಯಾಪ್ಲಿತೋ ಇರಲಿ. ಆರ್ಟ್ ಪೇಪರಿನ ಮೇಲೆ ಜೆಲ್ ಪೆನ್ನಿನ ಮಸಿ ಬೇಗ ಒಣಗುವುದಿಲ್ಲ, ಮಗು ಪುಸ್ತಕ ಮುಚ್ಚಿದ ಕೂಡಲೇ ಮಸಿ ಎದುರು ಪುಟಕ್ಕೆ ಹತ್ತುತ್ತದೆ. ಮುಂಚೆಯೇ ಸಹಿ ಹಾಕಿ ಕಟ್ಟು ಕಟ್ಟಿಡುವುದೂ ಬೇಡ. ಮಗುವಿಗೆ ಬೇಕಾದದ್ದು ತನ್ನ ಕಣ್ಣೆದುರು ಬರೆದದ್ದು.

ಬೆಲೆಯನ್ನೂ ಯೋಚಿಸಿ. ಎರಡನೆಯದನ್ನು ನಾವು ಕಪ್ಪುಬಿಳುಪಿನಲ್ಲಿ, ಸಾದಾ ಕಾಗದದಲ್ಲಿ, 300 ಮಾತ್ರ ಮಾಡಿಸಿ 50 ರೂಪಾಯಿಗೆ ಕೊಟ್ಟೆವು. ಸಂತೆಯಲ್ಲಿ 100 ಅಂದಾಗ ಅಮ್ಮಂದಿರು ಪುಸ್ತಕವನ್ನು ಮೆಲ್ಲಗೆ ಕೆಳಗಿಡುತ್ತಿದ್ದರು. 50 ಅಂದಾಗ ಸೆರಗಿನ ಗಂಟು ಬಿಚ್ಚುತ್ತಾರೆ. ಗ್ರಂಥಾಲಯ ಇಲಾಖೆಯ ಪುಸ್ತಕ ಖರೀದಿಗೆ ಅರ್ಜಿ ಹಾಕಿ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತವಾಗಿ ಸಿಗುತ್ತದೆ, ತೆಗೆದುಕೊಳ್ಳಿ. ಆದರೆ ಆ ಖರೀದಿಯನ್ನು ನಂಬಿ ಹೆಚ್ಚು ಅಚ್ಚು ಹಾಕಿಸಬೇಡಿ.

ಅಂಗಡಿ ಬೇಡವೇ ಬೇಡ ಅಂತಲ್ಲ. ಮೂರು ಸಾಕು, ಪುಸ್ತಕವನ್ನೇ ಮಾರುವ ಅಂಗಡಿಗಳು, ಒಂದೊಂದಕ್ಕೆ 10 ಪ್ರತಿ. ಕಾರ್ಬನ್ ಇಟ್ಟು ಚೀಟಿ ಬರೆಯಿರಿ: ತಾರೀಕು, ಎಷ್ಟು ಪ್ರತಿ, ಕಮಿಷನ್ ಎಷ್ಟು, ಲೆಕ್ಕ ಮುಗಿಸುವ ದಿನ ಯಾವುದು, ಒದ್ದೆಯಾದರೆ ಯಾರ ಹೊಣೆ. ಎರಡು ಸಹಿ, ಒಂದು ಪ್ರತಿ ಅವರಿಗೆ. ನಮ್ಮೂರಲ್ಲಿ ಲೆಕ್ಕ ಮುಗಿಸುವ ದಿನ ಮೇ 25 ದಾಟಬಾರದು. ಆ ದಿನ ನೀವೇ ಹೋಗಿ, ಮಾರಾಟವಾಗದ್ದನ್ನು ಮನೆಗೆ ತನ್ನಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಲೆ ಉರಿಯುವ ಕೋಣೆಯ ಅಟ್ಟಕ್ಕೆ ಹಾಕಿ. ದುಡ್ಡು ಕೈಗೆ ಬರುವ ತನಕ ತಂಗಿಯ ಹತ್ತಿರ "ಹೋಯ್ತು" ಅನ್ನಬೇಡಿ.

ಪುಸ್ತಕ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ, ಅಚ್ಚಿನ ಪ್ಲೇಟ್ ಮಾಡಿಸುವುದು ಮುಂದಿನ ವಾರ ಅಂತ ಬರೆದಿದ್ದೀರಿ. ಹಾಗಾದರೆ ನಾಳೆ ಬೆಳಗ್ಗೆಯೇ ಪ್ರೆಸ್ಸಿಗೆ ಫೋನ್ ಮಾಡಿ. 1000 ಬೇಡ, 300 ಸಾಕು, ಮೇ ತಿಂಗಳಿಗೆ ಬೇಡ, ಅಕ್ಟೋಬರಿಗೆ ಕೊಡಿ ಅನ್ನಿ.