ಹಾರ್ಡ್ ಡಿಸ್ಕ್ ಸದ್ದು ಮಾಡಿದಾಗ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ಹಾಸನದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ಗೃಹಪ್ರವೇಶಗಳ ಚಿತ್ರಗಳನ್ನು ತುಂಬಿಟ್ಟಿದ್ದ 2 ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಅಂದಿನಿಂದ ಕಂಪ್ಯೂಟರಿಗೆ ಜೋಡಿಸಿದೊಡನೆ ‘ಟಿಕ್, ಟಿಕ್’ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಹತ್ತು ಹದಿನೈದು ಸಲ ಜೋಡಿಸಿ ನೋಡಿದೆ, ಡ್ರೈವ್ ಕಾಣಿಸಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇಡಬಹುದೇ?

ಉತ್ತರ: ಇಡಬೇಡಿ, ಇನ್ನೊಮ್ಮೆ ಕಂಪ್ಯೂಟರಿಗೆ ಜೋಡಿಸಲೂ ಬೇಡಿ. ಆ ಸದ್ದು ಹೇಗೆ ಹುಟ್ಟುತ್ತದೆ ಎಂಬುದು ತಿಳಿದರೆ ಇದನ್ನು ಇಷ್ಟು ಒತ್ತಿ ಹೇಳುವುದೇಕೆ ಎಂಬುದು ತಮಗೇ ಅರ್ಥವಾದೀತು. ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ತಮ್ಮಲ್ಲಿರುವಂತಹ ಸಣ್ಣ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಓದುವ ಬರೆಯುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ತೆಳುಪದರದ ಆಸರೆಯಲ್ಲಿ, ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ಅದು ತೇಲುತ್ತಿರುತ್ತದೆ. ಕಾರ್ಖಾನೆಯಲ್ಲೇ ತಟ್ಟೆಯ ಮೇಲೆ ಬರೆದಿಟ್ಟಿರುವ ಗುರುತುಗಳನ್ನು ಓದಿಕೊಂಡು ಹೆಡ್ ತಾನಿರುವ ಜಾಗವನ್ನು ತಿಳಿಯಬೇಕು. ಬಿದ್ದ ಏಟಿಗೆ ಹೆಡ್ ಜಖಂ ಆಗಿದ್ದರೆ ಗುರುತು ಸಿಗುವುದಿಲ್ಲ. ಅದನ್ನು ಹೊತ್ತ ತೋಳು ಹಿಂದಕ್ಕೆ ಸರಿದು, ತಡೆಗೆ ತಾಕಿ, ಮತ್ತೆ ಹುಡುಕಲು ಹೊರಡುತ್ತದೆ. ಆ ತಾಕುವ ಸದ್ದೇ ತಮ್ಮ ಕಿವಿಗೆ ಬೀಳುತ್ತಿರುವುದು. ಕೆಲವು ಸಲ ಹೀಗೆ ಯತ್ನಿಸಿ ಸೋತ ಮೇಲೆ ಡ್ರೈವ್ ತಾನೇ ಮೋಟಾರನ್ನು ನಿಲ್ಲಿಸುತ್ತದೆ.

ಈ ಹಂತದಲ್ಲಿ ಚಿತ್ರಗಳು ಬಹುಪಾಲು ತಟ್ಟೆಯ ಮೇಲೆ ಸುರಕ್ಷಿತವಾಗಿಯೇ ಇರಬಹುದು, ಕೆಟ್ಟಿರುವುದು ಅವನ್ನು ಓದುವ ಹೆಡ್ ಮಾತ್ರ ಇರಬಹುದು. ಆದರೆ ಬಾಗಿದ ಹೆಡ್ಡು ತಿರುಗುವ ತಟ್ಟೆಗೆ ಉಜ್ಜಿದರೆ ದತ್ತಾಂಶ ಹಿಡಿದಿಟ್ಟ ಕಾಂತೀಯ ಲೇಪನವೇ ಪುಡಿಯಾಗಿ ಉದುರುತ್ತದೆ. ಹಾಗಾದ ಒಂದು ಲ್ಯಾಪ್‌ಟಾಪ್ ಡಿಸ್ಕನ್ನು ನಾನು ಬಿಚ್ಚಿದ ಸ್ಥಿತಿಯಲ್ಲಿ ನೋಡಿದ್ದೇನೆ. ಗಾಜಿನ ತಟ್ಟೆಯ ಲೇಪನ ಉಂಗುರದ ಆಕಾರದಲ್ಲಿ ಸವೆದುಹೋಗಿ, ಆ ಉಂಗುರದ ಮೂಲಕ ಕೆಳಗಿನ ಮೇಜು ಕಾಣುತ್ತಿತ್ತು. ಮೂಲೆಯಲ್ಲಿದ್ದ ಪುಟ್ಟ ಬಿಳಿಯ ಫಿಲ್ಟರಿಗೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಆ ಪುಡಿಯೇ ಅದರಲ್ಲಿದ್ದ ಕಡತಗಳು. ಅದನ್ನು ಮತ್ತೆ ಕೂಡಿಸಬಲ್ಲ ಪ್ರಯೋಗಾಲಯ ಎಲ್ಲಿಯೂ ಇಲ್ಲ.

ಫ್ರೀಜರಿನ ಉಪಾಯ ಬಹಳ ಹಳೆಯದು. ಇಂದಿನ ಡಿಸ್ಕನ್ನು ತಣ್ಣಗಾಗಿಸಿ ಹೊರತೆಗೆದರೆ ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ. ಹೆಡ್ ತೇಲುವ ಆ ಸಣ್ಣ ಎಡೆಗೆ ಹೋಲಿಸಿದರೆ ಒಂದು ನೀರಹನಿ ಬೆಟ್ಟದಷ್ಟು. ಮನೆಯಲ್ಲಿ ಮುಚ್ಚಳ ತೆರೆಯುವುದೂ ಇದೇ ಕಾರಣಕ್ಕೆ ಸಲ್ಲದು, ಧೂಳಿನ ಕಣವೂ ಅಲ್ಲಿ ಬಂಡೆಯೇ.

ಡಿಸ್ಕನ್ನು ಮೆತ್ತನೆಯ ಸ್ಪಂಜಿನಲ್ಲಿ ಸುತ್ತಿ, ಧೂಳುರಹಿತ ಕೊಠಡಿಯಿರುವ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಒಯ್ಯಿರಿ. ಅದು ಬಿದ್ದದ್ದನ್ನೂ ಎಷ್ಟು ಸಲ ಜೋಡಿಸಿದಿರಿ ಎಂಬುದನ್ನೂ ಮುಚ್ಚಿಡದೆ ತಿಳಿಸಿ. ಅವರು ಅದೇ ಮಾದರಿಯ ಬೇರೊಂದು ಡಿಸ್ಕಿನ ಹೆಡ್ಡನ್ನು ಹಾಕಿ, ತಟ್ಟೆಯಲ್ಲಿರುವುದನ್ನು ಒಮ್ಮೆಗೇ ಬೇರೆಡೆಗೆ ನಕಲಿಸಿಕೊಳ್ಳುತ್ತಾರೆ. ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಆದೀತು. ಆದ್ದರಿಂದ ಪರೀಕ್ಷೆಗೆ ಎಷ್ಟು, ಕಡತ ಸಿಗದಿದ್ದರೂ ಹಣ ಕೊಡಬೇಕೇ, ಪೂರ್ತಿ ಹಣ ಕೊಡುವ ಮೊದಲು ಸಿಕ್ಕ ಕಡತಗಳ ಪಟ್ಟಿಯನ್ನು ತೋರಿಸುತ್ತಾರೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಮದುವೆಯ ಮನೆಯವರ ಬಳಿ ಇನ್ನೊಂದು ಪ್ರತಿ ಉಳಿದಿದೆಯೇ ಎಂದು ಅದಕ್ಕೂ ಮೊದಲು ವಿಚಾರಿಸಿ.

ಪ್ರಶ್ನೆ: ನಮ್ಮ ಡಿಟಿಪಿ ಕೇಂದ್ರದ ಹಳೆಯ ಕಂಪ್ಯೂಟರಿನಲ್ಲಿ ಒಂದು ವಾರದಿಂದ ಕರಕರ ಸದ್ದು ಬರುತ್ತಿದೆ, ಫೈಲ್ ತೆರೆಯುವಾಗ ನಡುನಡುವೆ ಹ್ಯಾಂಗ್ ಆಗುತ್ತದೆ. ಹದಿನೈದು ವರ್ಷಗಳಿಂದ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬರೆದ ಕಡತಗಳು ಅದರಲ್ಲಿವೆ. ರಿಪೇರಿಯವರು ‘ಚೆಕ್ ಡಿಸ್ಕ್’ ಓಡಿಸಿ ನೋಡೋಣ ಎನ್ನುತ್ತಾರೆ.

ಉತ್ತರ: ಕಂಪ್ಯೂಟರಿನಲ್ಲಿ ಸದ್ದು ಮಾಡುವುದು ಡಿಸ್ಕ್ ಒಂದೇ ಅಲ್ಲ. ಧೂಳು ತುಂಬಿದ ಫ್ಯಾನಿನ ರೆಕ್ಕೆಗೆ ಯಾವುದಾದರೂ ವೈರು ತಾಕಿದರೂ ಹೀಗೆಯೇ ಕೇಳಿಸುತ್ತದೆ. ಕಂಪ್ಯೂಟರನ್ನು ಆರಿಸಿ, ಪ್ಲಗ್ ತೆಗೆದು, ಡಿಸ್ಕಿಗೆ ಹೋಗುವ ಎರಡೂ ಕೇಬಲ್ ಬಿಡಿಸಿ ಮತ್ತೆ ಚಾಲೂ ಮಾಡಿ. ಆಗಲೂ ಸದ್ದಿದ್ದರೆ ತಪ್ಪು ಫ್ಯಾನಿನದು. ಸದ್ದು ನಿಂತರೆ ಡಿಸ್ಕಿನದೇ ಎಂದು ತಿಳಿಯಿರಿ. ಸದ್ದಿನ ಜೊತೆಗೆ ಹ್ಯಾಂಗ್ ಆಗುವುದೂ ಇರುವುದರಿಂದ ತಮ್ಮ ವಿಷಯದಲ್ಲಿ ನನ್ನ ಅನುಮಾನ ಡಿಸ್ಕಿನ ಮೇಲೆಯೇ ಇದೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ಅದನ್ನು ನೋಡಬಹುದು. 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಅಂಕಣದಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಮೈ ಹಾಳಾಗುತ್ತಿದೆ ಎಂದರ್ಥ. ಸಿ7 ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ಕೇಬಲ್ ಕೆಟ್ಟಿರುತ್ತದೆ, ಅಷ್ಟು ಅಗ್ಗದಲ್ಲಿ ಕಳೆದರೆ ಸಂತೋಷವೇ. ಎಲ್ಲವೂ ಸರಿಯಿದೆ ಎಂದು ತಂತ್ರಾಂಶ ತೋರಿಸಿದರೂ ಕಿವಿಗೆ ಕೇಳಿಸುವ ಕರಕರವನ್ನು ಅಲ್ಲಗಳೆಯಬೇಡಿ; ಸ್ಮಾರ್ಟ್ ಯಾವ ಎಚ್ಚರಿಕೆಯನ್ನೂ ಕೊಡದೆ ಡಿಸ್ಕ್ ಕೈಕೊಡುವುದುಂಟು.

‘ಚೆಕ್ ಡಿಸ್ಕ್’ ಈಗ ಖಂಡಿತ ಬೇಡ. ಅದು ಕಡತ ವ್ಯವಸ್ಥೆಯ ತಪ್ಪುಗಳನ್ನು ತಿದ್ದುವ ಸಾಧನ, ಯಂತ್ರದ ಗಾಯವನ್ನು ಮಾಯಿಸುವುದಲ್ಲ. ಹಾಳಾಗುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಕೊನೆಯಿಂದ ಕೊನೆಗೆ ಓದಿಸಿ, ಅದರ ಮೇಲೆಯೇ ಬರೆದು, ಉಳಿದದ್ದನ್ನೂ ಕಳೆಯುವ ಅಪಾಯ ಅದರಲ್ಲಿದೆ. ಮೊದಲು ನಕಲು, ಆಮೇಲೆ ಪರೀಕ್ಷೆ. ಇನ್ನೆಲ್ಲೂ ಪ್ರತಿಯಿಲ್ಲದ ಕಡತಗಳನ್ನು ಮೊದಲು ಹೊಸ ಡಿಸ್ಕಿಗೆ ಹಾಕಿಕೊಳ್ಳಿ. ಅಕ್ಷರ ಕಡತಗಳು ಚಿಕ್ಕವಾದ್ದರಿಂದ ಬೇಗ ಮುಗಿಯುತ್ತದೆ. ನಕಲು ನಡುವೆ ನಿಂತುಹೋದರೆ ಲಿನಕ್ಸ್ ಬಲ್ಲವರಿಂದ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶವನ್ನು ಬಳಸಿಸಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದುಕೊಂಡು, ಓದಲಾಗದ ಭಾಗಕ್ಕೆ ಕೊನೆಯಲ್ಲಿ ಮರಳುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಫಾಂಟ್ ಫೋಲ್ಡರನ್ನೂ ಮರೆಯದೆ ನಕಲಿಸಿ.

ಪ್ರಶ್ನೆ: ಎಕ್ಸ್‌ಟರ್ನಲ್ ಡಿಸ್ಕನ್ನು ಯುಎಸ್‌ಬಿ ಹಬ್‌ಗೆ ಜೋಡಿಸಿದರೆ ಸಣ್ಣಗೆ ‘ಬೀಪ್ ಬೀಪ್’ ಎನ್ನುತ್ತದೆ, ತಿರುಗುವುದಿಲ್ಲ. ಡಿಸ್ಕಿನಲ್ಲಿ ಸ್ಪೀಕರ್ ಇರುತ್ತದೆಯೇ?

ಉತ್ತರ: ಇರುವುದಿಲ್ಲ. ತಿರುಗಲು ಹೊರಟು ತಿರುಗಲಾಗದ ಮೋಟಾರು ಹಾಗೆ ಸದ್ದು ಮಾಡುತ್ತದೆ. ಯುಎಸ್‌ಬಿ 2.0 ಕಿಂಡಿಯಿಂದ ಸಿಗುವ ವಿದ್ಯುತ್ 500 ಮಿಲಿಆಂಪಿಯರ್, 3.0 ಕಿಂಡಿಯಿಂದ 900. ಹಬ್ ಅದನ್ನೂ ಹಂಚಿಬಿಡುತ್ತದೆ. ಗಿಡ್ಡ ಕೇಬಲ್ ಬಳಸಿ ನೇರವಾಗಿ ಕಂಪ್ಯೂಟರಿನ ನೀಲಿ ಕಿಂಡಿಗೆ (3.0 ಕಿಂಡಿ ಸಾಮಾನ್ಯವಾಗಿ ನೀಲಿ) ಒಮ್ಮೆ ಜೋಡಿಸಿ ನೋಡಿ. ಆಗಲೂ ಬೀಪ್ ಎಂದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು. ತಟ್ಟಿ ಕುಟ್ಟಿ ಬಿಡಿಸಲು ಹೋಗಬೇಡಿ. ಮೊದಲನೆಯ ಓದುಗರಿಗೆ ಹೇಳಿದ ಪ್ರಯೋಗಾಲಯದ ದಾರಿಯೇ ತಮಗೂ.

ಪ್ರಶ್ನೆ: ಕರೆಂಟು ಹೋದಾಗಲೆಲ್ಲ ನನ್ನ ಕಂಪ್ಯೂಟರಿನ ಡಿಸ್ಕ್ ಒಮ್ಮೆ ‘ಟಕ್’ ಎನ್ನುತ್ತದೆ. ಹೆದರಿ ಎಸ್‌ಎಸ್‌ಡಿ (ತಟ್ಟೆಯ ಬದಲು ಚಿಪ್ಪುಗಳಲ್ಲಿ ಕಡತ ಉಳಿಸುವ ಡ್ರೈವ್) ಕೊಳ್ಳಬೇಕೆಂದಿದ್ದೇನೆ.

ಉತ್ತರ: ಒಂದೇ ಒಂದು ಟಕ್ ರೋಗವಲ್ಲ. ವಿದ್ಯುತ್ ನಿಂತೊಡನೆ, ಇನ್ನೂ ತಿರುಗುತ್ತಿರುವ ತಟ್ಟೆಗಳ ವೇಗದಿಂದಲೇ ಮೋಟಾರು ಒಂದಿಷ್ಟು ವಿದ್ಯುತ್ ಹುಟ್ಟಿಸಿ, ಅದರ ಬಲದಲ್ಲಿ ಹೆಡ್ಡನ್ನು ತಂಗುವ ಜಾಗಕ್ಕೆ ಎಳೆದುಕೊಳ್ಳುತ್ತದೆ. ಆದರೂ ಪ್ರತಿದಿನ ಹೀಗಾಗುವುದು ಡಿಸ್ಕಿಗೆ ಒಳ್ಳೆಯದಲ್ಲ. ಒಂದು ಯುಪಿಎಸ್ ಇಟ್ಟುಕೊಂಡು, ಕರೆಂಟು ಹೋದಾಗ ಕ್ರಮವಾಗಿ ಶಟ್‌ಡೌನ್ ಮಾಡಿ. ಎಸ್‌ಎಸ್‌ಡಿ ಧಾರಾಳವಾಗಿ ಕೊಳ್ಳಿ, ವೇಗ ಹೆಚ್ಚುತ್ತದೆ. ತಿರುಗುವ ಭಾಗವೇ ಇಲ್ಲದ್ದರಿಂದ ಅದು ಕೆಡುವಾಗ ಹೀಗೆ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಇದ್ದಕ್ಕಿದ್ದಂತೆ ಕಾಣೆಯಾಗಬಹುದು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿಡಲೂ ಅದು ತಕ್ಕುದಲ್ಲ. ಸದ್ಯದ ಡಿಸ್ಕ್ ಚೆನ್ನಾಗಿಯೇ ಇದ್ದರೆ ಅದನ್ನು ಎಸೆಯದೆ, ವಾರಕ್ಕೊಮ್ಮೆ ಎಸ್‌ಎಸ್‌ಡಿಯ ಪ್ರತಿ ತೆಗೆದಿಡಲು ಬಳಸಿಕೊಳ್ಳಿ.